ಎಡಗಡೆಯ ಸೀಟು

ಜೂನ್ 30, ಸೋಮವಾರ. ಬೆಳಗ್ಗೆ

ಅದೇ ಕನಸು. ಮಸ್ಕತ್ತಿನಿಂದ ಸಲಾಲಾಕ್ಕೆ ಹೋಗುವ ರೋಡು. ಸುತ್ತ ಮರಳು ಬಿಟ್ಟರೆ ಏನೂ ಇಲ್ಲ. ಎದುರಿಗೆ ಒಂದು ಲಾರಿ, ನೆಟ್ಟಗೆ ನನ್ನ ಮೇಲೇ ಬರುತ್ತಿದೆ. ತಪ್ಪು ಸೈಡಿನಲ್ಲಿ ಇರುವವನು ಅವನೋ ನಾನೋ — ತಿಳಿಯುತ್ತಿಲ್ಲ. ಕಿರುಚೋಣವೆಂದರೆ ದನಿ ಬರುತ್ತಿಲ್ಲ. ಎದ್ದು ಕೂತೆ. ಬನಿಯನ್ ಪೂರ್ತಿ ಒದ್ದೆ.

ಹೊರಗೆ ಗಾಡಿ ಸ್ಟಾರ್ಟ್ ಆದ ಸದ್ದು. ಅಷ್ಟರಲ್ಲೇ ಹೆಂಡತಿ ಮೈಲಮ್ಮ ಅಂಗಳ ಗುಡಿಸಿ, ರೊಟ್ಟಿ ಬಡಿದು, ಮಗಳ ಡಬ್ಬಿ ಕಟ್ಟಿ, ಟಾಟಾ ಏಸ್‌ನ ಗಾಜು ಒರೆಸಿ ಆಗಿದೆ. ಹನ್ನೊಂದು ವರ್ಷ ಮಸ್ಕತ್ತಿನಲ್ಲಿ ಟ್ಯಾಂಕರ್ ಓಡಿಸಿ ಬಂದವನು ಕನಸಿಗೆ ಹೆದರಿ ಹಾಸಿಗೆಯಲ್ಲಿ ಕೂತಿದ್ದೇನೆ. ನಾನು ಹೋಗುವಾಗ ತಾಡಪಾಲು ಹೊದಿಸಿ ನಿಲ್ಲಿಸಿ ಹೋಗಿದ್ದ ಗಾಡಿ ಅದು. ಇವತ್ತು ನಮ್ಮೂರು ಆವರಗೆರೆಯಲ್ಲಿ ಯಾರನ್ನೇ ಕೇಳಿದರೂ ಅದು ಮೈಲಮ್ಮನ ಗಾಡಿ.

ಏಜೆಂಟ್ ನಿನ್ನೆಯೂ ಫೋನ್ ಮಾಡಿದ್ದ. ಮಸ್ಕತ್ತಿಗೇ ಇನ್ನೊಂದು ವೀಸಾ ಇದೆಯಂತೆ. ಜುಲೈ ಇಪ್ಪತ್ತರೊಳಗೆ ಹೂಂ ಅಥವಾ ಉಹೂಂ ಹೇಳಬೇಕು. ಹೋಗಲು ಮನಸ್ಸಿಲ್ಲ. ಇಲ್ಲಿದ್ದು ಏನು ಮಾಡಲಿ? ಏಳನೇ ಕ್ಲಾಸಿಗೇ ಸ್ಕೂಲು ಬಿಟ್ಟವನು. ಬರುವುದು ಡ್ರೈವಿಂಗ್ ಒಂದೇ. ಅಲ್ಲಿ ರಸ್ತೆಯ ಬಲಕ್ಕೆ ಓಡಿಸಬೇಕು, ಇಲ್ಲಿ ಎಡಕ್ಕೆ. ಲೈಸೆನ್ಸ್ ರಿನ್ಯೂವಲ್ ಆಯಿತು, ಕೈ ರಿನ್ಯೂವಲ್ ಆಗಿಲ್ಲ. ಬಂದ ಹೊಸದರಲ್ಲಿ ಒಮ್ಮೆ ಗಾಡಿ ತೆಗೆದೆ. ಓಣಿಯ ತಿರುವಿನಲ್ಲಿ ಗೊತ್ತಿಲ್ಲದೇ ಬಲಕ್ಕೆ ಹೋದೆ. ಎದುರಿಗೆ ಸ್ಕೂಲ್ ಆಟೊ. ಒಳಗೆ ಮಕ್ಕಳು. ಏನೂ ಆಗಲಿಲ್ಲ. ಆಗಿದ್ದರೆ...

ಆಮೇಲೆ ಕೀ ಮುಟ್ಟಿಲ್ಲ.

ಜುಲೈ 1, ಮಂಗಳವಾರ

ಮೈಲಮ್ಮನ ಜೊತೆ ಹೋದೆ. ಸುಮ್ಮನೆ ಮನೆಯಲ್ಲಿ ಕೂತು ಯೋಚನೆ ಮಾಡುವುದಕ್ಕಿಂತ ಚೀಲವಾದರೂ ಎತ್ತೋಣ ಅಂತ. ಮಸ್ಕತ್ತಿನ ಅಭ್ಯಾಸಕ್ಕೆ ಎಡಗಡೆ ಬಾಗಿಲು ತೆಗೆದು ಕೂತು ಸ್ಟೇರಿಂಗ್‌ಗೆ ಕೈ ಚಾಚಿದೆ. ಬರೀ ಗಾಳಿ.

"ಅಲ್ಲೇ ಕೂಡ್ರಿ," ಅಂದಳು. "ಇವತ್ತು ಡ್ರೈವರ್ ನಾನು, ನೀವು ಓನರು."

ಮಂಡಕ್ಕಿ ಭಟ್ಟಿಯಲ್ಲಿ ಬೀಬಿಜಾನಕ್ಕ ಹೊಗೆಯೊಳಗಿಂದಲೇ ಕೂಗಿದಳು. ಭಟ್ಟಿ ಅವಳದೇ. "ಏನಪ್ಪಾ ಉಚ್ಚೆಂಗಪ್ಪ, ದುಬೈನಿಂದ ಬಂದು ಹೆಂಡ್ತಿ ಗಾಡೀಗೆ ಕ್ಲೀನರ್ ಆದ್ಯೇನು?"

"ದುಬೈ ಅಲ್ಲಕ್ಕ, ಮಸ್ಕತ್ತು."

"ಎಲ್ಲಾ ಒಂದೇ ಬಿಡು. ಅಲ್ಲಿ ಮರಳು, ಇಲ್ಲಿ ಹೊಗಿ."

ಆ ಓಣಿಯಲ್ಲಿ ಒಂದು ಸೈಕಲ್ ಹೊರಳಿಸಲು ಕಷ್ಟ. ಮೈಲಮ್ಮ ಕನ್ನಡಿ ನೋಡುತ್ತ ರಿವರ್ಸ್ ತಂದು ಭಟ್ಟಿಯ ಬಾಗಿಲಿಗೆ ಹಚ್ಚಿ ನಿಲ್ಲಿಸಿದಳು. ಒಂದೇ ಸಲಕ್ಕೆ. ನನಗೆ ಉಸಿರು ಬಂದದ್ದು ಆಮೇಲೆ.

ಭಟ್ಟಿಯ ಹುಡುಗರು ಮಂಡಕ್ಕಿ ಚೀಲ ಎರಡಾಳು ಎತ್ತರ ಏರಿಸಿದರು. ತೂಕವೇ ಇಲ್ಲ. ಅದೇ ನನಗೆ ದಿಗಿಲು. ಟ್ಯಾಂಕರ್‌ನಲ್ಲಿ ಭಾರಕ್ಕೆ ಹೆದರುತ್ತಿದ್ದೆ. ಇಲ್ಲಿ ಭಾರ ಇಲ್ಲದ್ದಕ್ಕೆ ಹೆದರಬೇಕು. ಮೇಲೆ ಆಷಾಢದ ಗಾಳಿ. ಹರಿಹರ ತಲುಪುವ ತನಕ ತಾಡಪಾಲು ಪಟಪಟ ಬಡಿಯುತ್ತಲೇ ಇತ್ತು. ಬಾತಿ ಗುಡ್ಡ ದಾಟುವ ಮೊದಲೇ ಅವಳು ಸ್ಪೀಡ್ ಇಳಿಸಿದಳು. ಯಾಕೆ ಅಂದೆ.

"ಇಲ್ಲೀ ತನಕ ಗಾಳೀನ ಗುಡ್ಡ ತಡೀತಿತ್ತು. ಈಗ ಬರ್ತೈತೆ ನೋಡ್ರಿ."

ಬಂತು. ಎಡಗಡೆಯಿಂದ ಯಾರೋ ಭುಜ ಕೊಟ್ಟು ತಳ್ಳಿದ ಹಾಗೆ. ನಾನು ಡ್ಯಾಶ್‌ಬೋರ್ಡ್ ಹಿಡಿದುಕೊಂಡೆ. ಅವಳು ಸ್ಟೇರಿಂಗನ್ನು ಚೂರೇ ಚೂರು ಎಡಕ್ಕೆ ಕೊಟ್ಟು, ಇನ್ನೊಂದು ಕೈಯಲ್ಲಿ ಸೆರಗು ಸರಿ ಮಾಡಿಕೊಂಡಳು.

ಇವಳು ಯಾವಾಗ ಇದನ್ನೆಲ್ಲ ಕಲಿತಳು? ಫೋನಿನಲ್ಲಿ ಒಂದು ದಿನ "ಲೈಸೆನ್ಸ್ ಬಂತು ರೀ" ಅಂದಿದ್ದಳು. ನಾನು ರೇಷನ್ ಅಂಗಡಿಯದ್ದು ಏನೋ ಇರಬೇಕು ಅಂದುಕೊಂಡು ಹೂಂ ಅಂದಿದ್ದೆ.

ಜುಲೈ 4, ಶುಕ್ರವಾರ

ಬರೆಯಲು ನಾಚಿಕೆ. ಬರೆಯದಿದ್ದರೆ ನಿದ್ದೆ ಇಲ್ಲ.

ಮೂರು ದಿನದಿಂದ ಆ ಲೋಡು ಅಲ್ಲಾಡುವುದನ್ನೇ ಕನ್ನಡಿಯಲ್ಲಿ ನೋಡುತ್ತ ಕೂತಿದ್ದೆ. ಅವಳು ಕಟ್ಟುವುದು ನೂಲಿನ ಹಗ್ಗ, ಅದೂ ಸಡಿಲ. ಮಸ್ಕತ್ತಿನ ನಮ್ಮ ಯಾರ್ಡಿನಲ್ಲಿ ಕಬ್ಬಿಣದ ಲಾರಿಗಳಿಗೆ ಲೋಡು ಕಟ್ಟುವ ಬೆಲ್ಟ್ ಸಡಿಲವಿದ್ದರೆ ಗೇಟಿನಿಂದ ಹೊರಗೇ ಬಿಡುತ್ತಿರಲಿಲ್ಲ. ಅಲ್ಲಿಂದ ತಂದ ಬೆಲ್ಟ್ ಎರಡಿದ್ದವು, ಹಿಡಿ ತಿರುಗಿಸಿದಷ್ಟೂ ಬಿಗಿಯುವಂಥವು. ಮೈಲಮ್ಮ ಒಳಗೆ ಬೀಬಿಜಾನಕ್ಕನ ಜೊತೆ ಚಾ ಕುಡಿಯುತ್ತಿದ್ದಾಗ ಹಗ್ಗದ ಮೇಲೆ ಅವನ್ನು ಹಾಕಿ ಬಿಗಿದೆ. ಇನ್ನೊಂದು ಸುತ್ತು. ಮತ್ತೊಂದು ಸುತ್ತು, ಮನಸ್ಸು ತಡೆಯದೆ.

ದಾರಿಯಲ್ಲಿ ಲೋಡು ಕಲ್ಲಿನ ಹಾಗೆ ನಿಂತಿತ್ತು. ಖುಷಿಯಾಗಿದ್ದೆ.

ಹರಿಹರದಲ್ಲಿ ಬಕ್ಕೇಶಪ್ಪನ ಅಂಗಡಿ. ವಾರವಿಡೀ ಮಾಲು ಹಾಕುವುದು ಅವನೊಬ್ಬನಿಗೇ. ಅವನು ಕೈಬಿಟ್ಟರೆ ಗಾಡಿ ಮನೆಮುಂದೆ ನಿಂತ ಹಾಗೇ. ಚೀಲ ಬಿಚ್ಚಿ ಕೈ ಹಾಕಿದ. ಮುಷ್ಟಿ ತೆಗೆದರೆ ಹಿಟ್ಟು.

"ಏನವ್ವಾ ಮೈಲಮ್ಮ, ಮಂಡಕ್ಕಿ ತಾ ಅಂದ್ರೆ ರವೆ ತಂದೀಯಲ್ಲ? ಇಷ್ಟ್ರಾಗೆ ಉಪ್ಪಿಟ್ ಕೆದಕ್ಲೇನು?"

ಅಂಗಡಿ ಮುಂದೆ ಇದ್ದವರೆಲ್ಲ ನಕ್ಕರು. ಅವನು ನಗಲಿಲ್ಲ. "ಇನ್ನೊಂದ್ಸಲ ಹಿಂಗಾದ್ರೆ ಬ್ಯಾರೆ ಗಾಡಿ ನೋಡ್ಕಂತೀನಿ ತಾಯಿ. ಬ್ಯಾಸರ ಮಾಡ್ಕಬ್ಯಾಡ."

ಮೈಲಮ್ಮ ಬೆಲ್ಟ್ ನೋಡಿದಳು. ನನ್ನನ್ನು ನೋಡಿದಳು. ನಾನು ಬಾಯಿ ತೆರೆದೆ, ಕಾಲು ತುಳಿದಳು.

"ನನ್ ಕೈಯಾಗೇ ಬಿಗಿ ಆತು ಬಕ್ಕೇಶಪ್ಪಣ್ಣ. ಸಂಜಿ ಒಳಗೆ ಬದ್ಲಿ ಮಾಲು ತರ್ತೀನಿ."

ವಾಪಸ್ ಬರುವಾಗ ಬೆಲ್ಟ್ ಎರಡನ್ನೂ ಸುತ್ತಿ ಕಾಲಡಿ ತುರುಕಿದೆ. ಬೈದರೆ ಬೈಯಲಿ ಎಂದು ಕಾದೆ. ಆಮೇಲೆ ಅವಳ ಭುಜ ಕುಣಿಯಲು ಶುರುವಾಯಿತು. ಅಳುತ್ತಿದ್ದಾಳೆ ಅಂದುಕೊಂಡೆ. ನಗುತ್ತಿದ್ದಳು.

"ಪಾಪ, ಆ ಬೆಲ್ಟಿಗೆ ಏನ್ ಗೊತ್ರೀ? ಕಬ್ಬಿಣ ಕಟ್ಟಿ ಬಂದಿದ್ದು. ಮಂಡಕ್ಕಿ ಕಟ್ಟೋದಲ್ಲ, ಮಗೀಗೆ ಹೊದಸ್ದಂಗೆ ಹೊದಸ್ಬೇಕು."

ನನಗೆ ನಗು ಬರಲಿಲ್ಲ. ಸಂಜೆ ಜಿಟಿಜಿಟಿ ಮಳೆಯಲ್ಲಿ ಎರಡನೇ ಟ್ರಿಪ್ ಹೊಡೆದು ಬಂದಳು. ನನ್ನನ್ನು ಕರೆಯಲಿಲ್ಲ. ಬಂದು, ಒದ್ದೆ ಕೂದಲಲ್ಲೇ ಸಾರಿಗೆ ಒಗ್ಗರಣೆ ಹಾಕಿದಳು. ಹಾಡಿಕೊಳ್ಳುತ್ತ. ಇಂಥ ಹೆಂಗಸಿನ ಕೈಗೆ ನನ್ನಂಥವನು ಒಂದು ಹೆಚ್ಚಿನ ಲೋಡು. ಅಷ್ಟೇ.

ಏಜೆಂಟ್‌ಗೆ ಫೋನ್ ಮಾಡಿದೆ. ಬಹುಶಃ ಬರ್ತೀನಿ ಅಂದೆ.

ಜುಲೈ 12, ಶನಿವಾರ

ಒಂದು ವಾರ ಬರೆಯಲಿಲ್ಲ. ಗಾಡಿಗೂ ಹೋಗಲಿಲ್ಲ. ಬಿ.ಪಿ. ಇರಬಹುದು ಅಂತ ತೋರಿಸಿಕೊಂಡು ಬಂದೆ. ಇಲ್ಲವಂತೆ. ಆ ಮಿಷನ್ ಸರಿ ಇತ್ತೋ ಇಲ್ಲವೋ.

ಏಜೆಂಟ್ ಜೊತೆ ಮಾತಾಡಿದ್ದನ್ನು ಮಗಳು ಕೀರ್ತನಾ ಕೇಳಿಸಿಕೊಂಡಿದ್ದಳು. ಪಿಯುಸಿ ಹುಡುಗಿ, ಮುಖದ ಮೇಲೇ ಹೊಡೆದ ಹಾಗೆ ಕೇಳಿದಳು: "ಮತ್ತೆ ವಿಡಿಯೋ ಕಾಲ್ ಅಪ್ಪಾಜಿ ಆಗ್ತೀರೇನು?"

ಮೈಲಮ್ಮ ಮೊರದಲ್ಲಿ ಅಕ್ಕಿ ಹಸನು ಮಾಡುತ್ತಿದ್ದಳು. ತಲೆ ಎತ್ತದೇ ಅಂದಳು:

"ಹೋಗ್ಬೇಕು ಅನ್ಸಿದ್ರೆ ಹೋಗ್ರಿ, ಬ್ಯಾಡ ಅನ್ನಲ್ಲ. ಹೆದ್ರಿ ಹೋಗಬ್ಯಾಡ್ರಿ."

"ನಿನಗೆ ಹೆದರಿಕೆ ಅನ್ನೋದು ಗೊತ್ತೇನೇ?"

"ಅಯ್ಯ! ಮೊದಲ್ನೇ ದಿನ ಈ ಗಾಡಿ ಹತ್ತಿದಾಗ ಕಾಲು ಹೆಂಗೆ ನಡುಗ್ತಿತ್ತು ಅಂದ್ರೆ, ಆಕ್ಸಿಲೇಟರ್ ತಾನೇ ಒತ್ತಿಕ್ಯಂಡು ಹೊಂಟಿತ್ತು. ಬ್ರೇಕ್ ಎಲ್ಲೈತೆ ಅಂತ ಹುಡುಕೋದ್ರಾಗೆ ತಿಪ್ಪಿ ಸಿಕ್ತು, ನಿಂತ್ಕಂತು. ನಾಳಿ ಐತವಾರ. ಬರ್ರಿ ನನ್ ಜೊತಿಗೆ."

ಜುಲೈ 13, ಭಾನುವಾರ. ಸಂಜೆ

ಬಾತಿಯ ಹತ್ತಿರ ಹೊಸ ಲೇಔಟು. ರೋಡು ಹಾಕಿದ್ದಾರೆ, ಮನೆ ಇನ್ನೂ ಎದ್ದಿಲ್ಲ. ಖಾಲಿ ಗಾಡಿ. ಮೈಲಮ್ಮ ಎಡಗಡೆ ಸೀಟಿಗೆ ಹೋಗಿ ಕಾಲು ಮಡಚಿ ಕೂತಳು, ಸೀರೆ ಅಂಗಡಿಯಲ್ಲಿ ಕೂತ ಹಾಗೆ.

"ಎಡ ಎಡ ಅಂತ ಬಾಯಿಪಾಠ ಮಾಡಬ್ಯಾಡ್ರಿ. ನಂಗೆ ಒಂದು ಹೇಳ್ರಿ, ಅಲ್ಲಿ ಸ್ಟೇರಿಂಗು ಯಾವ ಕಡೆ?"

"ಎಡಕ್ಕೆ."

"ರೋಡಿನ ನಡು ನಿಮ್ಗೆ ಯಾವ ಕಡೆ ಇರ್ತಿತ್ತು?"

ಕಣ್ಣು ಮುಚ್ಚಿ ಯೋಚಿಸಿದೆ. "ಎಡಕ್ಕೇ. ನನ್ನ ಮಗ್ಗುಲಿಗೆ."

"ಇಲ್ಲಿ ಸ್ಟೇರಿಂಗು ಬಲಕ್ಕೆ. ನಡುವೂ ಬಲಕ್ಕೆ. ಅಲ್ಲೂ ನಿಮ್ಮ ಮಗ್ಗುಲಿಗೆ, ಇಲ್ಲೂ ನಿಮ್ಮ ಮಗ್ಗುಲಿಗೆ. ಏನ್ ಬದ್ಲಾತು? ರೋಡಿನ ನಡು ಡ್ರೈವರ್ ಬಾಜೂಕಿರ್ಲಿ, ಪಕ್ಕದಾಗ ಕುಂತೋರು ಗಟಾರದ ಕಡೆ ಇರ್ಲಿ. ಗಟಾರದ ಕಡೆ ನಾನಿರ್ತೀನಿ."

ಎರಡು ದೇಶದಲ್ಲಿ ಓಡಿಸಿದ್ದೇನೆ. ಒಂದು ದಿನವೂ ಇದು ಹೊಳೆದಿರಲಿಲ್ಲ. ನನಗೆ ಹೇಳಿಕೊಡಬೇಕು ಎಂದು ಎಷ್ಟು ದಿನದಿಂದ ಯೋಚಿಸಿದ್ದಳೋ. ತಿರುವಿನಲ್ಲಿ ಬಲಗೈ ಗೇರ್ ಹುಡುಕಿ ಬಾಗಿಲಿಗೆ ಬಡಿಯಿತು. ಅವಳು ಕಿಟಕಿಯಾಚೆ ಕೊಕ್ಕರೆ ನೋಡುತ್ತಿದ್ದಳು. ನೋಡಿಯೂ ನೋಡದವಳ ಹಾಗೆ. ಕತ್ತಲಾಗುವ ತನಕ ಸುತ್ತಿದೆ.

ಖಾಲಿ ಲೇಔಟಿನಲ್ಲಿ ಯಾರಾದರೂ ಓಡಿಸುತ್ತಾರೆ. ಅದೂ ನಿಜ.

ಜುಲೈ 17, ಗುರುವಾರ

ಮೈಲಮ್ಮನಿಗೆ ಮೈ ಸುಡುವ ಜ್ವರ. ಮಾಲು ನಿನ್ನೆಯೇ ಏರಿಸಿ ತಾಡಪಾಲು ಹೊದಿಸಿ ಆಗಿದೆ. ಬೆಳಗ್ಗೆ ಬಕ್ಕೇಶಪ್ಪನ ಫೋನು, ಹತ್ತು ಗಂಟೆ ಒಳಗೆ ಬರದಿದ್ದರೆ ಬೇರೆಯವರಿಗೆ ಹೇಳುತ್ತಾನಂತೆ.

"ಯಾರಾದ್ರೂ ಡ್ರೈವರ್ ಕರೀಲೇನು?" ಅಂದೆ.

"ಡ್ರೈವರ್ ಮನ್ಯಾಗೇ ಅದಾರಲ್ಲ," ಅಂದು ಕೀ ಕೈಯಲ್ಲಿಟ್ಟಳು. ಮಲಗು ಅಂದರೆ ಕೇಳಲಿಲ್ಲ. ಚಾದರ ಹೊದ್ದು ಗಾಡಿ ಹತ್ತಿ ಕೂತಳು. "ಹಿಂಗೇ ಹೋಗಣ. ಗಟಾರದ ಕಡೆ ಯಾರಾದ್ರೂ ಬೇಕಲ್ಲ."

ಹೊರಟೆ. ನಡು ನನ್ನ ಮಗ್ಗುಲಿಗೆ, ನಡು ನನ್ನ ಮಗ್ಗುಲಿಗೆ. ಸಿಟಿಯಲ್ಲಿ ಸಿಗ್ನಲ್, ಆಟೊ, ದನ, ಎಲ್ಲ ಇದ್ದವು. ಹಿಂದಿನಿಂದ ಒಬ್ಬ ಹಾರ್ನ್ ಹೊಡೆದೂ ಹೊಡೆದೂ ಸಾಕಾಗಿ ಬೈದು ಮುಂದೆ ಹೋದ. ಹೋಗಲಿ. ಬಾತಿ ಗುಡ್ಡ ಮುಗಿಯುವ ಮುಂಚೆ ಸ್ಪೀಡ್ ಇಳಿಸಿದೆ. ಗಾಳಿ ಬಂತು, ಗಾಡಿಯನ್ನು ನಡುವಿಗೆ ತಳ್ಳಿತು. ಎದುರಿಗೆ ಬಸ್ಸು, ಲೈಟ್ ಹಾಕಿಕೊಂಡು. ಒಂದು ಕ್ಷಣ ಎಲ್ಲ ಮರೆತುಹೋಯಿತು — ಯಾವ ದೇಶ, ಯಾವ ಕಡೆ. ಎಡಕ್ಕೆ ಚೂರೇ ಚೂರು ಕೊಟ್ಟೆ. ಬಸ್ಸು ನನ್ನ ಮಗ್ಗುಲಿಂದ ಸರ್ರನೆ ಹೋಯಿತು.

ಹೆಂಗೆ ಅಂತ ಕೇಳೋಣವೆಂದು ಈಚೆ ತಿರುಗಿದರೆ ಮೈಲಮ್ಮ ನಿದ್ದೆ ಹೋಗಿದ್ದಳು. ಬಾಯಿ ತೆರೆದು, ತಲೆ ಗಾಜಿಗೆ ಆನಿಸಿ. ಎಷ್ಟು ಹೊತ್ತಿನಿಂದಲೋ. ನಾನು ಬಂದ ಮೇಲೆ ಹಗಲು ಹೊತ್ತು ಅವಳು ಕಣ್ಣು ಮುಚ್ಚಿದ್ದನ್ನು ನೋಡಿಲ್ಲ. ಇಷ್ಟು ವರ್ಷ ಈ ರೋಡಿನಲ್ಲಿ ಅವಳ ಬದಲು ಎಚ್ಚರ ಇರುವವರು ಯಾರೂ ಇರಲಿಲ್ಲ. ಕಣ್ಣು ಮಂಜಾಯಿತು. ವೈಪರ್ ಹಾಕಿದೆ. ಹೊರಗೆ ಮಳೆ ಇರಲಿಲ್ಲ.

ಬಕ್ಕೇಶಪ್ಪ ಚೀಲಕ್ಕೆ ಕೈ ಹಾಕಿ, ನಾಲ್ಕು ಕಾಳು ಬಾಯಿಗೆಸೆದುಕೊಂಡ. ಕುರುಕುರು. "ಯಾರು ಓಡಿಸ್ಕಂಡ್ ಬಂದಿದ್ದು?"

"ನಮ್ಮನಿಯವ್ರು," ಅಂದಳು ಮೈಲಮ್ಮ, ಚಾದರದೊಳಗಿಂದ. ಅವಳ ಗಾಡಿಯನ್ನು ಊರೆಲ್ಲ ಹೊಗಳಿದಾಗಲೂ ಅಷ್ಟು ಹೆಮ್ಮೆಯ ದನಿ ಬಂದಿರಲಿಲ್ಲ.

ಜುಲೈ 18, ಶುಕ್ರವಾರ. ಬೆಳಗ್ಗೆ

ಜ್ವರ ಇಳಿದಿದೆ. ಗಂಜಿ ಕುಡಿದಳು, ಉಪ್ಪು ಕಮ್ಮಿ ಅಂದಳು. ಒಳ್ಳೇ ಲಕ್ಷಣ. ಇವತ್ತಿನ ಟ್ರಿಪ್ ನನ್ನದು, ಒಬ್ಬನೇ.

ಏಜೆಂಟ್‌ಗೆ ಮೆಸೇಜ್ ಹಾಕಿಸಿದೆ. ನಾನು ಹೇಳಿದೆ, ಕೀರ್ತನಾ ಒತ್ತಿದಳು. ಬರುವುದಿಲ್ಲ, ಇಲ್ಲಿ ನನಗೆ ಗಾಡಿ ಇದೆ — ಅಷ್ಟೇ. "ಥ್ಯಾಂಕ್ಸ್ ಹಾಕ್ಲಾ?" ಅಂದಳು. ಹಾಕು ಅಂದೆ. ಕಳಿಸಿ, ಫೋನ್ ಕೈಗೆ ಕೊಟ್ಟು, ನನ್ನ ತಲೆಗೂದಲು ಕೆದರಿ ಹೋದಳು. ವಿಡಿಯೋ ಕಾಲ್‌ನಲ್ಲಿ ಅದು ಆಗುತ್ತಿರಲಿಲ್ಲ.

ಆದರೆ ಏಜೆಂಟ್‌ನದು ಎರಡು ನಂಬರ್. ಹಳೇದಕ್ಕೆ ಹೋಗಿದ್ದರೆ? ಅವನು ನೋಡದೇ ಟಿಕೆಟ್ ಮಾಡಿಸಿಬಿಟ್ಟರೆ? ಹೊಸದರ ಕೊನೆಗೆ ಏಳು, ಹಳೇದರ ಕೊನೆಗೆ ಒಂದು; ನಾನು ನೋಡಿದರೆ ಎರಡೂ ಒಂದೇ ಥರ ಕಾಣುತ್ತವೆ. ಕೀರ್ತನಾ ಚಪ್ಪಲಿ ಹಾಕಿಕೊಳ್ಳುತ್ತಿದ್ದಾಳೆ, ಬಸ್ಸಿಗೆ ಹೊತ್ತಾಯಿತಂತೆ. ಕರೆಯುತ್ತೇನೆ — ಕೀರ್ತನಾ, ಒಂದ್ ನಿಮಿಷ ನಿಲ್ಲವ್ವ, ಆ ನಂಬರಿನ ಕೊನೀಗೆ ಏಳು ಐತೋ ಒಂದು ಐತೋ, ಇನ್ನೊಂದ್ಸಲ ನೋಡು —