ಹುಲ್ಲಪ್ಪ ಚೇರ್ಮನ್ನರಿಗೆ ಬಿದ್ದ ಸೊನ್ನೆ

‘ಮಹಿಳೆಯರು ಮೆಚ್ಚಿದ ನಾಯಕ’ ಸಮೀಕ್ಷೆಯ ನಿರ್ದೇಶಕರೇ,

‘ಮಾನ್ಯರೇ’ ಎಂದು ಶುರು ಮಾಡಬೇಕೆಂದಿದ್ದೆ. ಆದರೆ ಈ ನಾಡಿನಲ್ಲಿ ಯಾರು ಮಾನ್ಯರು, ಯಾರು ಅಲ್ಲ ಎಂದು ತೀರ್ಮಾನಿಸುವ ಗುತ್ತಿಗೆ ಈಗ ತಮ್ಮ ಕೈಯಲ್ಲೇ ಇರುವುದರಿಂದ, ನನ್ನಂಥವನು ತಮ್ಮ ಅಪ್ಪಣೆಯಿಲ್ಲದೆ ಆ ಪದ ಮುಟ್ಟುವುದು ಸರಿಯಲ್ಲವೆಂದು ಬಿಟ್ಟಿದ್ದೇನೆ. ವಿಷಯ ಇಷ್ಟೇ. ನಮ್ಮೂರಿನ ಹೆಂಗಸರಲ್ಲಿ ಒಬ್ಬರೂ ಹುಲ್ಲಪ್ಪ ಚೇರ್ಮನ್ನರನ್ನು ಮೆಚ್ಚಿಲ್ಲ, ಅವರಿಗೆ ಬಿದ್ದದ್ದು ಸೊನ್ನೆ ಎಂದು ತಮ್ಮ ವರದಿ ಹೇಳುತ್ತದೆ. ಆ ಸೊನ್ನೆ ಸುಳ್ಳು. ಅದನ್ನು ನಂಬಿ ಮೇಲಿನ ಅಧಿಕಾರಿಗಳು ನಮ್ಮೂರಿನ ಹೊಸ ಮಹಿಳಾ ಭವನದ ಮೇಲೆ ಬೇರೊಬ್ಬರ ಹೆಸರಿನ ಬೋರ್ಡು ಏರಿಸಲು ಹೊರಟಿದ್ದಾರೆ. ಬೋರ್ಡು ಇಳಕಲ್ಲಿನ ಪೇಂಟರ್ ಅಂಗಡಿಯಲ್ಲಿ ಒಣಗುತ್ತಿದೆ. ಅದು ಒಣಗುವುದರೊಳಗೆ ಈ ಪತ್ರ ತಮ್ಮನ್ನು ಮುಟ್ಟಲಿ ಎಂದು ಪತ್ರಿಕೆಗೆ ಕೊಟ್ಟು ಬಹಿರಂಗವಾಗಿ ಬರೆಯುತ್ತಿದ್ದೇನೆ.

ಹುಲ್ಲಪ್ಪ ಚೇರ್ಮನ್ನರು ಯಾರೆಂದು ತಾವು ಕೇಳುವಿರಿ. ತಪ್ಪೇನಿಲ್ಲ, ಅವರದೊಂದು ಫೋಟೋ ಕೂಡ ಉಳಿದಿಲ್ಲ. ನಮ್ಮೂರು ಬೇವೂರಿನಿಂದ ಒಳಗೆ, ಬಸ್ಸು ಮನಸ್ಸು ಮಾಡಿದರೆ ಬರುವ ಕಡೆ ಇದೆ. ಮಂಡಲ ಪಂಚಾಯ್ತಿಗಳ ಕಾಲದಲ್ಲಿ ಅವರು ಇಲ್ಲಿಗೆ ಪ್ರಧಾನರಾಗಿದ್ದರು, ಜನರ ಬಾಯಲ್ಲಿ ಮಾತ್ರ ಹಳೆಯ ರೂಢಿಯಂತೆ ಚೇರ್ಮನ್ನರು. ಮನೆಯಿಲ್ಲದವರಿಗೆ ಜಾಗ ಹಂಚುವ ಪಾಳಿ ಬಂದಾಗ, ಹಕ್ಕುಪತ್ರವನ್ನು ಮನೆಯ ಹೆಂಗಸಿನ ಹೆಸರಿಗೇ ಬರೆಸುತ್ತೇನೆಂದು ಹಟ ಹಿಡಿದು ಕೂತರು. ಗಂಡಸರು ಪಂಚಾಯ್ತಿ ಮುಂದೆ ನೆರೆದು, “ಮನಿ ಹೆಂಗಸರ ಹೆಸರ್ಲೆ ಆದ್ರ ಗಂಡಸರು ಎಲ್ಲಿ ಹೋಗಬೇಕ್ರಿ ಚೇರ್ಮನ್ರ?” ಎಂದು ಕೂಗಿದರಂತೆ. ಇವರು ಎಲೆಯಡಿಕೆ ಉಗುಳಿ, “ಮನಿಗೇ ಹೋಗ್ರಿ. ಹೊತ್ತು ಮುಳುಗಿದ ಮ್ಯಾಲೆ ಅಲ್ಲಿಗೊಂದು ಬಿಟ್ಟು ಎಲ್ಲಾ ಕಡೆ ಹೋಗ್ತೀರಿ, ಅದಕ್ಕ ಅವರ ಹೆಸರಿಗೆ ಬರಿಸಾಕತ್ತೇನಿ” ಅಂದರಂತೆ. ಅಂದದ್ದಕ್ಕೆ ತಕ್ಕ ಫಲ ಸಿಕ್ಕಿತು. ಮುಂದಿನ ಚುನಾವಣೆಯಲ್ಲಿ ಗಂಡಸರೆಲ್ಲ ಒಂದಾಗಿ ಅವರನ್ನು ಸೋಲಿಸಿದರು. ಆಮೇಲೆ ಅವರು ಕುರಿ ಕಾಯ್ದುಕೊಂಡೇ ಇದ್ದು ತೀರಿಹೋದರು.

ಆದರೆ ಹೆಂಗಸರು ಮರೆಯಲಿಲ್ಲ. ಮೂರ್ತಿ ನಿಲ್ಲಿಸಲು ಅವರ ಕೈಯಲ್ಲಿ ಕಾಸಿರಲಿಲ್ಲ, ಭಾಷಣ ಮಾಡಲು ಅವರನ್ನು ಯಾರೂ ಕರೆಯುತ್ತಿರಲಿಲ್ಲ. ಅವರ ಸ್ವಂತ ಅಧಿಕಾರದಲ್ಲಿ ಇದ್ದದ್ದು ಒಂದೇ, ತೊಟ್ಟಿಲು. ಹಾಗೆ ಜಾಗ ಸಿಕ್ಕವರ ಓಣಿಯಲ್ಲಿ ಆಮೇಲೆ ಹುಟ್ಟಿದ ಗಂಡುಕೂಸಿಗೆಲ್ಲ ಹುಲ್ಲಪ್ಪ ಎಂದು ಹೆಸರಿಟ್ಟರು. ಇವತ್ತು ನಮ್ಮ ಓಣಿಯಲ್ಲಿ ಟೇಲರ್ ಹುಲ್ಲಪ್ಪ ಇದ್ದಾನೆ, ಡ್ರೈವರ್ ಹುಲ್ಲಪ್ಪ ಇದ್ದಾನೆ, ಪೋಸ್ಟಿನ ಹುಲ್ಲಪ್ಪ ಇದ್ದಾನೆ. ಹುನಗುಂದದ ಮಾರ್ಕೆಟ್ಟಿನಲ್ಲಿ ಚೀಲ ಹೊತ್ತು, ಹರಾಜಿನ ಸವಾಲು ಕೂಗಿ, ಬಾಯಿಯ ಬಲದಿಂದಲೇ ಒಂದು ಸಣ್ಣ ದಲಾಲಿ ಅಂಗಡಿ ಹಾಕಿಕೊಂಡ ಸವಾಲು ಹುಲ್ಲಪ್ಪನೂ ಇದ್ದಾನೆ. ಆ ಕೊನೆಯವನೇ ತಮಗೆ ಬರೆಯುತ್ತಿರುವವನು.

ಈಗ ತಮ್ಮ ಸಮೀಕ್ಷೆ ಎಡವಿದ ಕಲ್ಲು ಎಲ್ಲಿದೆ ಎಂದು ತೋರಿಸುತ್ತೇನೆ. ನಮ್ಮ ಕಡೆ ಹೆಂಡತಿ ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುವುದಿಲ್ಲ. ಈ ಪದ್ಧತಿ ಸರಿಯೋ ತಪ್ಪೋ, ಅದು ಬೇರೆ ಜಗಳ. ನಾನೇ ನೂರು ಸಲ “ಒಮ್ಮಿ ಹೆಸರು ಹಿಡದು ಕರದು ನೋಡು, ಏನು ಭೂಮಿ ಬಾಯಿ ಬಿಡತೈತಿ?” ಎಂದು ಕೇಳಿದ್ದೇನೆ. ನನ್ನ ಹೆಂಡತಿ ಕಸ್ತೂರಿ ಪಿಯುಸಿ ಪಾಸಾದವಳು, ಸ್ವಸಹಾಯ ಸಂಘದ ಅಧ್ಯಕ್ಷೆ, ಬ್ಯಾಂಕಿನ ಮ್ಯಾನೇಜರನನ್ನು ನಿಲ್ಲಿಸಿ ಮಾತಾಡಿಸುವವಳು. ಆದರೂ ಮದುವೆಯಾದಾಗಿನಿಂದ ನಾನು ಅವಳಿಗೆ ‘ಏನ್ರಿ’ ಮಾತ್ರ. ದವಾಖಾನೆಯಲ್ಲೋ ರೇಷನ್ ಅಂಗಡಿಯಲ್ಲೋ ಗಂಡನ ಹೆಸರು ಕೇಳಿದರೆ ಪಕ್ಕದಲ್ಲಿ ನಿಂತವರಿಂದ ಹೇಳಿಸುತ್ತಾಳೆ. ಎಲ್ಲರಿಗೂ ಗೊತ್ತಿರುವ ಏರ್ಪಾಡು ಇದು, ಯಾವ ಕೆಲಸವೂ ಇದರಿಂದ ನಿಂತದ್ದಿಲ್ಲ. ತಮ್ಮದೊಂದೇ ನಿಂತಿತು.

ತಮ್ಮ ಕಡೆಯಿಂದ ಬಂದವಳು ಮಾಯಾ ಎಂಬ ಹುಡುಗಿ. ದಕ್ಷಿಣದ ಕಡೆಯವಳು, ಪಾಪ, ಪುಸ್ತಕ ಓದಿದ ಹಾಗೆ ಮಾತಾಡುತ್ತಾಳೆ. ನಮ್ಮ ಕಟ್ಟೆಯ ಮೇಲೆ ಕೂತು ಟ್ಯಾಬಿನಲ್ಲಿ ಆರು ನಾಯಕರ ಫೋಟೋ ತೋರಿಸಿದಳು. ಅವರಲ್ಲೊಬ್ಬರು ಬಾದಾಮಿಯ ಗುಹೆ ನೋಡಲು ಹೋಗುವಾಗ ನಮ್ಮ ಕ್ರಾಸಿನಲ್ಲಿ ಕಾರಿನ ಗಾಜು ಇಳಿಸಿ ಕೈ ಬೀಸಿದ್ದರು. ಆರೂ ಜನ ಸೇರಿ ನಮ್ಮೂರಿಗೆ ಮಾಡಿದ ಒಟ್ಟು ಸೇವೆ ಅದು.

“ಇವರಲ್ಲಿ ಯಾರೂ ಅಲ್ಲವಾದರೆ, ತಾವು ಅತ್ಯಂತ ಮೆಚ್ಚುವ ನಾಯಕರ ಹೆಸರು ಹೇಳಿ ಮೇಡಂ” ಎಂದಳು ಮಾಯಾ.

ಕಸ್ತೂರಿ ಗೋಡೆಯ ಮೇಲಿನ ನಮ್ಮ ಮದುವೆ ಫೋಟೋ ಕಡೆ ಕೈ ಮಾಡಿದಳು. “ಇವರ ಹೆಸರಿನವರ್ರಿ.”

“ನಿಮ್ಮ ಯಜಮಾನರನ್ನು ಬಿಟ್ಟು, ರಾಜಕೀಯದಲ್ಲಿ ಯಾರು?”

“ಅಯ್ಯ, ಇವರನ್ನ ಯಾಕ ಮೆಚ್ಚಲಿ ತಂಗಿ, ಇವರೇನು ಮಾಡ್ಯಾರ? ಇವರ ಹೆಸರಿನ ಚೇರ್ಮನ್ನರು. ನಾ ಬರದು ಕೊಡ್ಲೇನು?”

“ಬರೆಯುವ ಹಾಗಿಲ್ಲ. ನಿಮ್ಮ ಧ್ವನಿ ರೆಕಾರ್ಡ್ ಆಗಬೇಕು, ಇಲ್ಲದಿದ್ದರೆ ಉತ್ತರ ಸ್ವೀಕಾರವಾಗುವುದಿಲ್ಲ.”

ಕಸ್ತೂರಿ ಎಂದಿನ ಏರ್ಪಾಡಿಗೆ ಹೋದಳು. ಪಕ್ಕದ ಮನೆಯ ದಸ್ತಗೀರಬಿಯನ್ನು ಕರೆದು, “ಅಕ್ಕಾ, ಹೆಸರು ನೀವರ ಹೇಳ್ರಿ” ಎಂದಳು. ಆಕೆ ಅಲ್ಲಿಂದಲೇ “ಹುಲ್ಲಪ್ಪ ಅಂತ ಬರ್ಕೊಳವ್ವಾ!” ಎಂದು ಒದರಿದಳು. ಟ್ಯಾಬು ಟಿಂವ್ ಎಂದಿತು. ಬೇರೊಬ್ಬರ ಧ್ವನಿ ಬಿದ್ದರೆ ಉತ್ತರ ರದ್ದಂತೆ. ಮಾಯಾ ಬೇಸರಪಟ್ಟುಕೊಂಡೇ ‘ಗೊತ್ತಿಲ್ಲ’ ಎಂಬುದನ್ನು ಒತ್ತಿದಳು. ಓಣಿಯ ಉಳಿದ ಹುಲ್ಲಪ್ಪಂದಿರ ಮನೆಗಳಲ್ಲೂ, ಮನೆಗೊಬ್ಬರೇ ಎಂಬ ನಿಯಮದಂತೆ, ಅತ್ತೆಯರನ್ನು ಬಿಟ್ಟು ಓದಿದ ಸೊಸೆಯನ್ನೇ ಹುಡುಕಿ ಕೂರಿಸಿ ಇದೇ ನಾಟಕ ನಡೆಯಿತು, ಅಲ್ಲೂ ಇದೇ ಉತ್ತರ ಬಿತ್ತು. ಅಂದರೆ ನನ್ನ ಹೆಂಡತಿಗೆ, ಅತ್ತೆಯಿಂದ ತನ್ನ ಹೆಸರಿಗೇ ಬಂದ ಮನೆಯ ಕಟ್ಟೆಯ ಮೇಲೆ ಕೂತವಳಿಗೆ, ಆ ಮನೆ ಕೊಡಿಸಿದವರು ಯಾರೆಂದು ‘ಗೊತ್ತಿಲ್ಲ’.

ಹಾಗಾದರೆ ಹೆಸರು ಹೇಳಬಲ್ಲ ದಸ್ತಗೀರಬಿ ತನ್ನ ಪಾಳಿಯಲ್ಲಿ ಏನು ಹೇಳಿದಳು ಎನ್ನುವಿರಾ? ಆಕೆಗೆ ವಿಧವಾ ವೇತನ ಬರುತ್ತದೆ. ಟ್ಯಾಬು ಹಿಡಿದು ಮನೆಗೆ ಬಂದವರೆಲ್ಲ ಅದನ್ನು ನಿಲ್ಲಿಸಲೋ ಮುಂದುವರಿಸಲೋ ಬಂದವರೆಂದೇ ಆಕೆಯ ಲೆಕ್ಕ. “ಯಾರ ಹೆಸರು ಹೇಳಿದ್ರ ನಮ್ಮ ಪಗಾರ ನಿಲ್ಲಂಗಿಲ್ಲವ್ವಾ?” ಎಂದು ಕೇಳಿದಳು. ಮಾಯಾ ಹಾಗೇನೂ ಇಲ್ಲ ಎಂದು ನಕ್ಕಳು. ದಸ್ತಗೀರಬಿ ನಗಲಿಲ್ಲ. “ಹಂಗಾರ ಯಾರ ಫೋಟೋ ಮೊದಲೈತೋ ಅದಕ್ಕ ಒತ್ತು.” ತಾವು ಟೀವಿಯಲ್ಲಿ ಕೂತು, ಗ್ರಾಮೀಣ ಮಹಿಳೆಯರ ಹೃದಯ ಗೆದ್ದ ನಾಯಕ ಎಂದು ವಿವರಿಸಿದ ಹೃದಯಗಳಲ್ಲಿ ಇದೂ ಒಂದು.

ನಿರ್ದೇಶಕರೇ, ನನ್ನ ಓದು ಏಳನೇ ಇಯತ್ತೆಗೆ ನಿಂತದ್ದು, ಆದರೆ ಸ್ಯಾಂಪಲ್ಲು ತೆಗೆಯುವುದನ್ನು ನನಗೆ ಯಾರೂ ಕಲಿಸಬೇಕಿಲ್ಲ. ಕಡಲೆಯ ಚೀಲ ಬಂದರೆ ನಾವು ಬಾಯಿಕಟ್ಟಿನ ಕಾಳು ನೋಡಿ ದರ ಹೇಳುವುದಿಲ್ಲ. ಮೇಲೆ ಯಾವಾಗಲೂ ಚಂದದ ಕಾಳೇ ಇರುತ್ತದೆ. ಟೊಳ್ಳು ಸೂಜಿಯನ್ನು ಚೀಲದ ಹೊಟ್ಟೆಗೆ ಚುಚ್ಚಿ, ಒಳಗಿನದನ್ನು ಅಂಗೈಗೆ ಸುರಿದುಕೊಂಡು, ಹಲ್ಲಿಗೆ ಹಾಕಿ ನೋಡುತ್ತೇವೆ. ಸೂಜಿ ಒಳಗೆ ಹೋಗದಿದ್ದರೆ ಸೂಜಿಯನ್ನು ಬದಲಿಸುತ್ತೇವೆಯೇ ಹೊರತು ಚೀಲ ಖಾಲಿ ಎಂದು ಬರೆಯುವುದಿಲ್ಲ. ಇನ್ನೊಂದು ಗುಟ್ಟನ್ನೂ ಹೇಳಿಬಿಡುತ್ತೇನೆ. ಸವಾಲಿನಲ್ಲಿ ಮೊದಲ ದರ ಕೂಗುವವನೇ ಅರ್ಧ ವ್ಯಾಪಾರ ಮುಗಿಸಿರುತ್ತಾನೆ, ಉಳಿದವರೆಲ್ಲ ಅವನು ಕೂಗಿದಲ್ಲಿಂದಲೇ ಏರಬೇಕು ಇಲ್ಲಾ ಇಳಿಯಬೇಕು. ಆರು ಫೋಟೋಗಳನ್ನು ಮೊದಲೇ ಹಚ್ಚಿಟ್ಟು, ಆಮೇಲೆ ಜನ ಯಾರನ್ನು ಮೆಚ್ಚಿದ್ದಾರೆಂದು ಕೇಳುವ ತಾವು ದರ ಕೇಳಲು ಬಂದವರೋ, ದರ ಕೂಗಲು ಬಂದವರೋ? ಈ ವರ್ಷ ತಾವು ಮೊದಲು ಎಂದವರು, ಮೊದಲು ಎಂದು ಅಚ್ಚಾದ ಕಾರಣಕ್ಕೇ ಮುಂದಿನ ವರ್ಷವೂ ಮೊದಲು ಬರುವುದಿಲ್ಲವೇ? ನಮ್ಮ ಮಾರ್ಕೆಟ್ಟಿನಲ್ಲಿ ಈ ಆಟ ಆಡಿದವನ ಲೈಸೆನ್ಸು ಹೋಗುತ್ತದೆ. ತಮಗೆ ಟೀವಿಯಲ್ಲಿ ಕುರ್ಚಿ ಸಿಗುತ್ತದೆ.

ಮುಂದಿನದು ಗ್ರಾಮಸಭೆ. ಭವನಕ್ಕೆ ಚೇರ್ಮನ್ನರ ಹೆಸರಿಡಬೇಕೆಂದು ಕಸ್ತೂರಿಯ ಸಂಘವೇ ಮೊದಲು ಅರ್ಜಿ ಕೊಟ್ಟಿತ್ತು. ಮೇಲಿನವರು, ಹೆಂಗಸರು ಮೆಚ್ಚಿದವರ ಹೆಸರೇ ಇಡೋಣ ಎಂದು, ಅದನ್ನು ಈ ಸಮೀಕ್ಷೆಗೆ ಗಂಟು ಹಾಕಿದ್ದರು. ಸಭೆಗೆ ಬಂದ ಅಧಿಕಾರಿ ಸಮೀಕ್ಷೆಯ ವರದಿಯ ಹಾಳೆ ಎತ್ತಿ ಹಿಡಿದು, “ಪ್ರಸ್ತಾಪಿತ ಹೆಸರಿಗೆ ದೊರೆತ ಮಹಿಳಾ ಮತ, ಸೊನ್ನೆ” ಎಂದು ಓದಿದರು. ನಾನು ಎದ್ದು ನಿಂತು, ಮಾರ್ಕೆಟ್ಟಿನ ಗಂಟಲಿನಲ್ಲಿ, “ಸುಳ್ಳರಿ ಸಾಹೇಬ್ರ, ಹುಲ್ಲಪ್ಪ ಅಂತ ಬರ್ಕೊಳ್ರಿ” ಎಂದೆ.

“ನಿಮ್ಮ ಹೆಸರೇನು?”

“ಹುಲ್ಲಪ್ಪ.”

ಸಭೆ ಗೊಳ್ಳೆಂದಿತು. “ಭವನಕ್ಕೆ ನಿಮ್ಮದೇ ಹೆಸರು ಇಡಬೇಕೇ? ಅಷ್ಟಲ್ಲದೆ ಇದು ಮಹಿಳೆಯರ ಅಭಿಪ್ರಾಯ. ಗಂಡಸರು ಅವರ ಪರವಾಗಿ ಮಾತಾಡುವ ಕಾಲ ಹೋಯಿತು, ಕೂತ್ಕೊಳ್ಳಿ” ಎಂದರು. ಹೆಂಗಸಿನ ಹೆಸರಿಗೆ ಮನೆ ಬರೆಸಿದ ಮನುಷ್ಯನ ವಿರುದ್ಧವೇ ಹೆಂಗಸರ ಹಕ್ಕಿನ ಮಾತು ಬಂತಲ್ಲ, ಅದನ್ನು ಕೇಳಿ ನಾನು ನಿಜಕ್ಕೂ ಕೂತುಬಿಟ್ಟೆ. ನನ್ನ ತಾಯಿ ಸೋಮವ್ವ ಎದ್ದು, “ನಾ ಹೆಂಗಸ ಹೌದೋ ಅಲ್ಲೋ ಸಾಹೇಬ? ನಾ ಹೇಳ್ತೇನಿ, ಹುಲ್ಲಪ್ಪ!” ಎಂದಳು. “ಅದು ನಿಮ್ಮ ಮಗನ ಹೆಸರಲ್ಲವೇ ಅಜ್ಜಿ?” ಮತ್ತೆ ನಗೆ. ಕೊನೆಗೆ ಕಸ್ತೂರಿ ಒಂದು ಚೀಟಿಯಲ್ಲಿ ಬರೆದು ಕೊಟ್ಟಳು. ಅಧಿಕಾರಿ ಚೀಟಿ ನೋಡಿದರು, ಹಾಜರಿ ಪುಸ್ತಕದಲ್ಲಿ ಅವಳ ಹೆಸರಿನ ಸಾಲು ನೋಡಿದರು. ಕಸ್ತೂರಿ, ಗಂಡ ಹುಲ್ಲಪ್ಪ. “ತಾಯಿ, ಗಂಡನ ಹೆಸರು ಬರೆಯಿರಿ ಅಂತ ಇಲ್ಲಿ ಯಾರೂ ಕೇಳಿಲ್ಲ” ಎಂದು ಚೀಟಿಯನ್ನು ಟೀ ಕಪ್ಪಿನ ಕೆಳಗಿಟ್ಟರು.

ಹೇಳಬಲ್ಲ ಗಂಡಸರಿಗೆ ಹಕ್ಕಿಲ್ಲ, ಹೇಳಬಲ್ಲ ತಾಯಂದಿರು ಮಗನ ಮೋಹದವರು, ಬರೆಯಬಲ್ಲ ಹೆಂಡಂದಿರು ಗಂಡನ ಭಜನೆಯವರು. ಎಲ್ಲರನ್ನೂ ಕಳೆದ ಮೇಲೆ ಉಳಿಯುವುದು ಸೊನ್ನೆಯೇ, ಒಪ್ಪಿದೆ. ಆದರೆ ಒಂದು ಹೆಸರನ್ನು ಒಂದು ಓಣಿ ಇಷ್ಟು ಮೆಚ್ಚಿ, ಮಕ್ಕಳಿಗೆಲ್ಲ ಅದನ್ನೇ ಇಟ್ಟು, ಕೊನೆಗೆ ಅದು ಅಲ್ಲಿನ ಸೊಸೆಯಂದಿರ ಬಾಯಲ್ಲಿ ಹೇಳಲಾಗದಷ್ಟು ದೊಡ್ಡದಾದರೆ, ಆ ಮೆಚ್ಚುಗೆಗೆ ತಮ್ಮ ಟ್ಯಾಬಿನಲ್ಲಿ ಒಂದು ಖಾನೆಯೂ ಇಲ್ಲವೇ?

ಸಭೆ ಮುಗಿದು ಕಸ್ತೂರಿ ನನಗಿಂತ ಮುಂದೆ ಮನೆಗೆ ನಡೆದಳು. ಮನೆಯ ಹೊಸ್ತಿಲಲ್ಲಿ ನಿಂತು, “ಅವರ ಹೆಸರು ಕಳದಾಕಿ ನಾನ ಆದ್ನೇನ್ರಿ?” ಎಂದಳು. ಅಲ್ಲ ಎಂದೆ. ಅವಳು ನಂಬಲಿಲ್ಲ. ಮರುದಿನ ಮುಂಜಾನೆ ನಾನು ಅಂಗಳದಲ್ಲಿ ಮುಖ ತೊಳೆಯುತ್ತಿದ್ದೆ, ಒಳಗೆ ಅವಳು ರೊಟ್ಟಿ ಬಡಿಯುತ್ತಿದ್ದಳು. ರೊಟ್ಟಿಯ ಸಪ್ಪಳದ ನಡುವೆ ಅವಳ ದನಿ ಕೇಳಿತು. “ಹು...” ಎಂದು ಶುರು ಮಾಡಿ ನಿಲ್ಲಿಸುತ್ತಿದ್ದಳು. ಮತ್ತೆ ರೊಟ್ಟಿ ಬಡಿಯುತ್ತಿದ್ದಳು. ಮತ್ತೆ “ಹು...”. ತಮ್ಮ ಯಂತ್ರ ಇನ್ನೊಮ್ಮೆ ಬಂದರೆ ಎಂದು ಅಭ್ಯಾಸ ಮಾಡುತ್ತಿದ್ದಳು. ನನ್ನನ್ನು ಬಾಗಿಲಲ್ಲಿ ಕಂಡವಳೇ ಸೆರಗನ್ನು ಬಾಯಿಗೆ ಹಿಡಿದು ಅತ್ತುಬಿಟ್ಟಳು. ಇಡೀ ಮಾರ್ಕೆಟ್ಟು ಕೇಳುವಂತೆ ಕೂಗಿ ಹೊಟ್ಟೆ ಹೊರೆಯುವ ನಾನು ಒಲೆಯ ಮುಂದೆ ಕೂತು, ಸೀಯುತ್ತಿದ್ದ ರೊಟ್ಟಿ ತಿರುವಿ ಹಾಕಿದೆ. ಅವಳಾಗಿ ಬಿಟ್ಟಿದ್ದರೆ ಈ ಪದ್ಧತಿಯನ್ನು ನಾನು ನಗುನಗುತ್ತ ಕಳಿಸಿಕೊಡುತ್ತಿದ್ದೆ. ತಮ್ಮ ಒಂದು ಸೊನ್ನೆ ಅಳಿಸಲು ಅವಳು ತನ್ನ ಬಾಯಿಗೆ ತಾನೇ ಬಲವಂತ ಮಾಡಿಕೊಳ್ಳಬೇಕೇ?

ಆದ್ದರಿಂದ ನಾನು ಕೇಳುವುದು ಕೃಪೆಯಲ್ಲ, ಲೆಕ್ಕದ ತಿದ್ದುಪಡಿ. ಬೋರ್ಡು ಏರುವ ಮೊದಲು ನಮ್ಮೂರಿನ ವರದಿಯನ್ನು ಹಿಂದಕ್ಕೆ ಪಡೆಯಿರಿ, ಪಡೆದದ್ದನ್ನು ಟೀವಿಯಲ್ಲಿ ಅದೇ ಕುರ್ಚಿಯಲ್ಲಿ ಕೂತು ಹೇಳಿ. ಮಾಯಾಳನ್ನೇ ಮತ್ತೆ ಕಳಿಸಿ, ಆ ಹುಡುಗಿಯ ಮೇಲೆ ನಮಗೆ ಸಿಟ್ಟಿಲ್ಲ, ರೊಟ್ಟಿ ಉಂಡು ಹೋಗಲಿ. ಆದರೆ ಫೋಟೋಗಳನ್ನು ಅಲ್ಲೇ ಬಿಟ್ಟು ಬರಲಿ. ಮನೆ ಮನೆಗೆ ಹೋಗಿ, ನೀವು ಯಾರ ಹೆಸರು ಹೇಳುತ್ತೀರಿ ಎಂದು ಕೇಳುವ ಬದಲು, ಯಾರ ಹೆಸರು ಹೇಳುವುದಿಲ್ಲ ಎಂದು ಕೇಳಲಿ. ಉತ್ತರಕ್ಕೆ ಓಣಿಯ ಹೆಂಗಸರು ಬಾಯಿ ತೆರೆಯುವುದಿಲ್ಲ. ಸುಮ್ಮನೆ ನಗುತ್ತಾರೆ. ಆ ನಗುವನ್ನು ರೆಕಾರ್ಡ್ ಮಾಡಿಕೊಳ್ಳಿ, ತಮ್ಮ ಆರೂ ಜನರ ಮತ ಕೂಡಿಸಿದರೂ ಅದಕ್ಕೆ ಸಮನಾಗುವುದಿಲ್ಲ.

ಇಂತಿ,
ಹಡೆದವ್ವ ಹೆಮ್ಮೆಯಿಂದ ಇಟ್ಟ, ಹೆಂಡತಿ ಒಮ್ಮೆಯೂ ಕರೆಯದ, ತಾವು ಸೊನ್ನೆ ಎಂದು ಬರೆದುಕೊಂಡ
ಹುಲ್ಲಪ್ಪ
ದಲಾಲಿ ಅಂಗಡಿ, ಹುನಗುಂದ
(ಮನೆ ಹೆಂಡತಿಯ ಹೆಸರಿನಲ್ಲಿದೆ)