ಕಣ್ಣಿನ ಮುಂದಿನ ಬಿಳಿ ಮಚ್ಚೆ

ಕಾರ್ಕಮ್ ಸರೋವರ, ನೋವಾ ಸ್ಕೋಷಿಯಾ
ಆಗಸ್ಟ್ ೨೮

ಪ್ರೀತಿಯ ಗ್ವೆನ್,

ಮೇ ತಿಂಗಳಲ್ಲಿ ನಿನಗೆ ಕಳಿಸಿದ ನನ್ನ ಹಾವಿನ ಗಣತಿ ಹಾಳೆಯನ್ನು ದಯವಿಟ್ಟು ತಿದ್ದು. ನಮ್ಮ ದಡದ ಪೊದೆಯಲ್ಲಿ ನಾನು ಕಂಡ ಮೂರೂ, ಅಲ್ಲಿ ಬರೆದಂತೆ ಎಲ್ಲೆಡೆ ಸಿಗುವ ಗಾರ್ಟರ್ ಹಾವುಗಳಲ್ಲ, ನೀನು ಉಳಿಸಲು ಹೆಣಗುತ್ತಿರುವ ರಿಬ್ಬನ್ ಹಾವುಗಳು. ಎರಡಕ್ಕೂ ಮೈಮೇಲೆ ಹಳದಿ ಪಟ್ಟೆ ಇರುತ್ತದೆ, ಕಣ್ಣಿನ ಮುಂದೆ ಬಿಳಿ ಮಚ್ಚೆ ಇದ್ದರೆ ಮಾತ್ರ ರಿಬ್ಬನ್ ಹಾವು ಎಂದು ಒಂಬತ್ತು ವರ್ಷದ ಹಿಂದೆ ನೀನೇ ಕಲಿಸಿದ್ದೆ. ಮಚ್ಚೆ ನನಗೆ ಕಂಡಿತ್ತು.

ಅಳಿಯನಿಗೆ ಮಕ್ಕಳು ಈಜಲೆಂದು ಆ ಪೊದೆ ಕಿತ್ತು ದಡಕ್ಕೆ ಮರಳು ಹಾಸಬೇಕಿತ್ತು. ಆ ಹಾವಿದೆ ಎಂದರೆ ನಿನ್ನ ವನ್ಯಜೀವಿ ಇಲಾಖೆ ಒಪ್ಪುತ್ತಿರಲಿಲ್ಲ. ಆದರೂ ಬರೆದ ಕೈ ನನ್ನದೇ. "ಲಾರ್ನ್ ಅಂಕಲ್ ಬರೆದ್ರೆ ಮುಗೀತು, ನಾನ್ಯಾಕೆ ಬಂದು ನೋಡ್ಲಿ?" ಎಂದು ನೀನು ನಕ್ಕೆ. ಜುಲೈನಲ್ಲಿ ಮರಳು ಬಿತ್ತು.

ನಿನ್ನೆ ಆ ಮರಳಿನ ಮೇಲೆ ನನ್ನಾಕೆ ಎಲ್ಡಾಗೆ ಒಂದು ಹಾವಿನ ಮರಿ ಸಿಕ್ಕಿತು, ಕಾಗೆ ಕುಕ್ಕಿ ಸತ್ತದ್ದು. ಅಡಗಲು ಅದಕ್ಕೊಂದು ಹುಲ್ಲುಕಡ್ಡಿಯೂ ಇರಲಿಲ್ಲ.

"ರೀ, ಕಣ್ಣಿನ ಮುಂದೆ ಬಿಳಿ ಮಚ್ಚೆ ಇದ್ಯಲ್ರೀ?"

"ಕನ್ನಡಕ ಒರೆಸ್ಕೊಂಡು ನೋಡೇ" ಎಂದೆ.

ಒರೆಸಿಕೊಂಡು ಹಾವನ್ನು ನೋಡಿದಳು. ಆಮೇಲೆ ನನ್ನನ್ನು ನೋಡಿದಳು.

ಮರಿಯನ್ನು ಬ್ಲೂಬೆರಿ ಡಬ್ಬಿಯಲ್ಲಿ ಹಾಕಿ ಫ್ರೀಜರಿನಲ್ಲಿಟ್ಟಿದ್ದೇನೆ, ಬಂದು ಒಯ್ಯಿ. ಪಕ್ಕದ ಮನೆಯ ವೈನಾಟ್‌ನ ದಡದಲ್ಲಿ ಪೊದೆ ಇನ್ನೂ ಇದೆ. ಅದನ್ನು ನೀನೇ ಕಣ್ಣಾರೆ ನೋಡು, ನನ್ನನ್ನು ಕೇಳಬೇಡ.

ಹಾಳೆಯ ಕೊನೆಯಲ್ಲಿ 'ಯಾವ ಹಾವೆಂದು ನಿಮಗೆ ಎಷ್ಟು ಖಚಿತ?' ಎಂಬ ಪ್ರಶ್ನೆಗೆ 'ನೂರಕ್ಕೆ ನೂರು' ಎಂದು ಬರೆದಿದ್ದೆ. ಅದೊಂದನ್ನು ತಿದ್ದಬೇಡ. ಅದು ನಿಜ.

ಇಂತಿ,
ಲಾರ್ನ್ ಜ್ವಿಕರ್