ಗಿಡ್ಡ ಆಲದ ಕೆಳಗಿನ ಹಸೆಮಣೆ

ರೀ,

ತಂಗಿಯ ಬಾಣಂತನಕ್ಕೆ ಸೊರಬಕ್ಕೆ ಹೊರಟೆ. ಬರುವುದು ತಿಂಗಳಾಗುತ್ತದೆ.

ಬಂದಳಿಕೆ ಊರಿನ ಗುಡಿಗೋಡೆಯಿಂದ ಕಿತ್ತು ತಂದ ನಿಮ್ಮ ಗಿಡ್ಡ ಆಲಕ್ಕೆ ದಿನಾ ನೀರು ಹಾಕಿ. ಆದರೆ ಮಣೆಯ ಮೇಲಿಟ್ಟುಕೊಂಡೇ ಹಾಕಬೇಡಿ. ಕುಂಡವನ್ನು ಅಂಗಳಕ್ಕಿಳಿಸಿ, ನೀರು ಬಸಿದ ಮೇಲೆ ತಳ ಒರೆಸಿ ಮೇಲಿಡಿ. "ಹಿಂಗೇ ನೆನೆಸಿದ್ರೆ ಹಲಗೆ ಬಾಯಿ ಬಿಡ್ತದ್ರೀ ಅಮ್ಮಾ" ಎಂದು, ಅದಕ್ಕೆ ಕಾಲು ಜೋಡಿಸಿದ ಬಡಗಿ ನಜೀರ್ ಸಾಬರು ಮೊನ್ನೆಯೂ ಹೇಳಿ ಹೋದರು. ಅಗಸೆ ಎಣ್ಣೆ ಗೂಡಿನಲ್ಲಿದೆ. ವಾರಕ್ಕೊಮ್ಮೆ ಹಳೇ ಬಟ್ಟೆಯಲ್ಲಿ ಮಣೆಗೆ ತೆಳ್ಳಗೆ ಸವರಿ. ಮರೆತೆ ಅನ್ನಬೇಡಿ.

ನಿಮಗದು ಸ್ಟ್ಯಾಂಡು. ನನಗೆ ಅಪ್ಪ ಹಿತ್ತಲ ಹಲಸು ಕೊಯ್ಸಿ ಮಾಡಿಸಿದ ನಮ್ಮ ಹಸೆಮಣೆ. ಕುಂಡದ ನೀರಿಗೆ ಅದರ ನಡುವೆ ಬಣ್ಣದಲ್ಲಿ ಬರೆಸಿದ ಗಿಳಿ ಆಗಲೇ ಅರ್ಧ ಅಳಿಸಿದೆ. ಧಾರೆಯ ದಿನ ನಿಮ್ಮ ಮುಖ ನೋಡುವ ಧೈರ್ಯವಿಲ್ಲದೆ ನಾನು ಉದ್ದಕ್ಕೂ ನೋಡುತ್ತ ಕೂತದ್ದು ಆ ಗಿಳಿಯನ್ನೇ.

ಯಮುನಾ